ಕೌಚ್ ಟು 5ಕೆ ಮುಗಿದ ಮೇಲೆ ಗಾರ್ಮಿನ್ ಕೋಚ್: ಗುರಿ ತುಂಬುವ ಮುನ್ನ ಓದಿ

ಕೌಚ್ ಟು 5ಕೆ ಎಂಬ ಒಂಬತ್ತು ವಾರದ ಓಟದ ತರಬೇತಿ ಕ್ರಮವನ್ನು ಜಾಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ್ದು ಓಟವೆಂದರೆ ಮಾರುದೂರ ನಿಲ್ಲುವವರಿಗಾಗಿ. ಆ ಕೆಲಸವನ್ನು ಅದು ಇಂದಿಗೂ ಚೆನ್ನಾಗಿಯೇ ಮಾಡುತ್ತದೆ. ಆದರೆ ಮುಗಿದ ದಿನ ಕೈಗೆ ಸಿಗುವುದು ನಿಲ್ಲದೆ 30 ನಿಮಿಷ ಓಡುವ ತಾಕತ್ತು ಮಾತ್ರ. ಕಿಲೋಮೀಟರಿಗೆ 8 ನಿಮಿಷದ ಪೇಸ್‌ನಲ್ಲಿ ಓಡುವವರು ಆ 30 ನಿಮಿಷದಲ್ಲಿ ತಲುಪುವುದು 3.75 ಕಿ.ಮೀ. ಹೆಸರಿನಲ್ಲಿರುವ 5 ಕಿ.ಮೀ. ಮುಗಿಸಲು ಇನ್ನೂ 10 ನಿಮಿಷ ಓಡಬೇಕು. ಇದನ್ನು ಕಂಡು ಹೆಚ್ಚಿನವರು ಮಾಡುವುದು ಒಂದೇ: ವಾರಕ್ಕೆ ಮೂರು ಸಲ ಅದೇ ರಸ್ತೆಯಲ್ಲಿ, ಪ್ರತಿ ಸಲವೂ ನಿನ್ನೆಗಿಂತ ಬೇಗ ಮುಗಿಸಲು ಹೆಣಗುವುದು. ಮೂರು ನಾಲ್ಕು ವಾರ ಸಮಯ ಇಳಿಯುತ್ತದೆ, ಆಮೇಲೆ ನಿಂತುಬಿಡುತ್ತದೆ. ಅಷ್ಟರಲ್ಲಿ ಕಣಕಾಲಿನ ಮೂಳೆ ನೋಯಲು ಶುರುವಾಗಿರುತ್ತದೆ.

ಈ ಘಟ್ಟಕ್ಕೆ ಸಿಗುವ ಸೇವೆಗಳಲ್ಲಿ ಗಾರ್ಮಿನ್ ಕೋಚ್‌ನ 5ಕೆ ಯೋಜನೆ ಒಂದು. ಓಟದ ವಾಚ್ ತಯಾರಿಸುವ ಗಾರ್ಮಿನ್ ಕಂಪನಿಯದೇ ತರಬೇತಿ ಸೇವೆ ಇದು. 2018ರಲ್ಲಿ ಬಂತು. ಹೊಂದಿಕೆಯಾಗುವ ಗಾರ್ಮಿನ್ ವಾಚ್ ಮತ್ತು ಫೋನಿನಲ್ಲಿ ಗಾರ್ಮಿನ್ ಕನೆಕ್ಟ್ ಆ್ಯಪ್ ಇದ್ದರೆ ಬೇರೆ ದುಡ್ಡು ಕೊಡಬೇಕಿಲ್ಲ. 2025ರಲ್ಲಿ ಶುರುವಾದ ಕನೆಕ್ಟ್ ಪ್ಲಸ್ ಎಂಬ ಚಂದಾ ಇದಕ್ಕೆ ಬೇಕಾಗಿಲ್ಲ. ಫೋರ್‌ರನ್ನರ್ 55ರಂಥ ಕೆಳದರ್ಜೆಯ ವಾಚೇ ಸಾಕು. ಹೊಸ ವಾಚ್‌ಗಳಲ್ಲಿ ಗಾರ್ಮಿನ್‌ನದೇ ಬೇರೊಂದು ಸ್ವಯಂಚಾಲಿತ ಯೋಜನೆಯೂ ಕಾಣಿಸುತ್ತದೆ. ಇಲ್ಲಿ ಹೇಳುತ್ತಿರುವುದು ಮೂವರು ಕೋಚ್‌ಗಳ ಹೆಸರಿನಲ್ಲಿರುವ ಹಳೆಯ ಯೋಜನೆಯ ಬಗ್ಗೆ. ಹೊಸ ಓಟಗಾರರಿಗೆ ಇದೇ ಸರಳ.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಯೋಜನೆ ಒಳ್ಳೆಯದು. ಆದರೆ ಅದು ಒಳ್ಳೆಯದಾಗುವುದೋ ಕೆಟ್ಟದಾಗುವುದೋ ಎಂಬುದು ಶುರುವಿನ ಪರದೆಗಳಲ್ಲಿ ನೀವು ತುಂಬುವ ಗುರಿಯಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ.

ಆ್ಯಪ್ ಮೊದಲಿಗೆ ಕೆಲವು ಪ್ರಶ್ನೆ ಕೇಳುತ್ತದೆ. ವಾರಕ್ಕೆ ಎಷ್ಟು ಓಡುತ್ತೀರಿ, ಸಾಮಾನ್ಯ ಪೇಸ್ ಎಷ್ಟು, ವಾರದ ಯಾವ ದಿನಗಳಲ್ಲಿ ಓಡಬಲ್ಲಿರಿ, ಉದ್ದದ ಓಟ ಯಾವತ್ತು, ಸ್ಪರ್ಧೆಯ ದಿನ ಯಾವುದು. ಜೊತೆಗೆ ಗುರಿ: ದೂರ ಮುಗಿಸಿದರೆ ಸಾಕೋ, ಇಂಥ ಸಮಯದೊಳಗೆ ಮುಗಿಸಬೇಕೋ. ಇಲ್ಲಿ ಬಹುತೇಕರು 30 ನಿಮಿಷ ಎಂದು ತುಂಬುತ್ತಾರೆ, ಅದು ದುಂಡಾದ ಸಂಖ್ಯೆ ಎಂಬ ಒಂದೇ ಕಾರಣಕ್ಕೆ. 5 ಕಿ.ಮೀ.ಯನ್ನು 30 ನಿಮಿಷದಲ್ಲಿ ಮುಗಿಸಲು ಪೇಸ್ 6:00, ಅಂದರೆ ಕಿಲೋಮೀಟರಿಗೆ 6 ನಿಮಿಷ ಇರಬೇಕು. ಈಗ 7:30ರಲ್ಲಿ ಓಡುವವರಿಗೆ ಕಿಲೋಮೀಟರಿಗೆ ಒಂದೂವರೆ ನಿಮಿಷದ ಅಂತರ. ಯೋಜನೆಯಲ್ಲಿ ಬರುವ ಗುರಿ ಪೇಸ್‌ನ ಸುತ್ತುಗಳೆಲ್ಲ (ನಡುನಡುವೆ ಸುಧಾರಿಸಿಕೊಂಡು ಓಡುವ ತುಂಡು ಓಟಗಳು) ಈ 6:00 ಅನ್ನೇ ಹಿಡಿದು ಬರುತ್ತವೆ. ಮೊದಲ ಎರಡು ಸುತ್ತು ಹೇಗೋ ಆಗುತ್ತದೆ, ಮೂರನೆಯದಕ್ಕೆ ಏದುಸಿರು, ನಾಲ್ಕನೆಯದರಲ್ಲಿ ನಡಿಗೆ. ವಾಚ್ ಕುಯ್ಯೆನ್ನುತ್ತಲೇ ಇರುತ್ತದೆ. ಎರಡು ವಾರ ಹೀಗಾದರೆ, ಒಂಬತ್ತು ವಾರ ಕಷ್ಟಪಟ್ಟು ಗಳಿಸಿದ ಧೈರ್ಯವೂ ಹೋಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚುವ ಲೆಕ್ಕ ಹೀಗೆ: ಯೋಜನೆಗೆ ಮೊದಲು ಒಂದು ದಿನ ಸಮತಟ್ಟಾದ ಜಾಗದಲ್ಲಿ 5 ಕಿ.ಮೀ. ಮುಗಿಸಿ, ಬೇಕಾದರೆ ನಡುನಡುವೆ ನಡೆದಾದರೂ ಸರಿ. ಬಂದ ಸರಾಸರಿ ಪೇಸ್‌ನಿಂದ 20ರಿಂದ 30 ಸೆಕೆಂಡ್ ಕಳೆಯಿರಿ. ಎಂಟು ಹತ್ತು ವಾರಕ್ಕೆ ಅಷ್ಟೇ ಗುರಿ. 7:30 ಇದ್ದವರು 7:00 ತುಂಬಿದರೆ 5 ಕಿ.ಮೀ. 37 ನಿಮಿಷ 30 ಸೆಕೆಂಡ್‌ನಿಂದ 35ಕ್ಕೆ ಇಳಿಯುತ್ತದೆ. ಕೇಳಲು ಸಣ್ಣದು, ಓಡಿ ನೋಡಿದರೆ ಸಣ್ಣದಲ್ಲ. ಮುಗಿದ ಮೇಲೆ 6:40 ಇಟ್ಟು ಮತ್ತೊಂದು ಯೋಜನೆ ಶುರು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. 30 ನಿಮಿಷದೊಳಗೆ 5 ಕಿ.ಮೀ. ಎಂಬುದು ಅನೇಕರಿಗೆ ಮೂರನೆಯ ಯೋಜನೆಯ ಕೊನೆಗೆ ಬರುವ ವಿಷಯ.

ಇನ್ನು ಕೋಚ್ ಆಯ್ಕೆ. ಮೂವರಿದ್ದಾರೆ: ಜೆಫ್ ಗ್ಯಾಲೋವೇ, ಗ್ರೆಗ್ ಮೆಕ್‌ಮಿಲನ್, ಏಮಿ ಪಾರ್ಕರ್ಸನ್ ಮಿಚೆಲ್. ಗ್ಯಾಲೋವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದವರು. ಅವರಿಗೆ ಹೆಸರು ಬಂದಿದ್ದು ಓಟ, ನಡಿಗೆ, ಮತ್ತೆ ಓಟ ಎಂಬ ಕ್ರಮದಿಂದ. ಮೆಕ್‌ಮಿಲನ್ ವ್ಯಾಯಾಮ ಶರೀರಶಾಸ್ತ್ರ ಓದಿದ ಕೋಚ್. ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯ ಅಂದಾಜಿಸುವ ಅವರ ಲೆಕ್ಕಪಟ್ಟಿ ಓಟಗಾರರಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಏಮಿ ಫಿಸಿಯೋಥೆರಪಿ ಹಿನ್ನೆಲೆಯವರು. ವಿಡಿಯೊ ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿವೆ. ಮಾತು ಸರಳ, ಆದರೂ ಮನೆಯಲ್ಲಿ ಇಂಗ್ಲಿಷ್ ಒಗ್ಗದ ಹಿರಿಯರಿಗೆ ಇದನ್ನು ಹಾಕಿಕೊಡುವುದಾದರೆ ಪಕ್ಕದಲ್ಲಿ ಕೂತು ಒಮ್ಮೆ ಹೇಳಿಕೊಡಬೇಕಾಗುತ್ತದೆ.

ಕೌಚ್ ಟು 5ಕೆ ಮುಗಿಸಿ ಬಂದವರಲ್ಲಿ ಹೆಚ್ಚಿನವರು ಗ್ಯಾಲೋವೇ ಅವರನ್ನು ಬಿಟ್ಟುಬಿಡುತ್ತಾರೆ. ಕಾರಣ ಅರ್ಥವಾಗುವಂಥದ್ದು: ನಡಿಗೆ ಬಿಡಿಸಿಕೊಳ್ಳಲು ಒಂಬತ್ತು ವಾರ ಹಿಡಿದಿದೆ, ಈ ಮನುಷ್ಯ ಮತ್ತೆ ನಡೆ ಅನ್ನುತ್ತಾರಲ್ಲ! ಆದರೆ ಲೆಕ್ಕ ಹಾಕಿ ನೋಡಿ. 6:40 ಪೇಸ್‌ನಲ್ಲಿ 2 ನಿಮಿಷ ಓಡಿದರೆ 300 ಮೀಟರ್. ಆಮೇಲೆ 30 ಸೆಕೆಂಡ್ ಬಿರುಸಾಗಿ, ಅಂದರೆ ಗಂಟೆಗೆ 6 ಕಿ.ಮೀ. ವೇಗದಲ್ಲಿ ನಡೆದರೆ 50 ಮೀಟರ್. ಎರಡೂ ಸೇರಿ ಎರಡೂವರೆ ನಿಮಿಷಕ್ಕೆ 350 ಮೀಟರ್, ಸರಾಸರಿ ಪೇಸ್ ಸುಮಾರು 7:09. ನಿಲ್ಲದೆ 7:30ರಲ್ಲಿ ಓಡುವವರಿಗಿಂತ ಇವರು 5 ಕಿ.ಮೀ.ಯನ್ನು ಹತ್ತಿರಹತ್ತಿರ ಎರಡು ನಿಮಿಷ ಮೊದಲೇ ಮುಗಿಸುತ್ತಾರೆ. ನಡಿಗೆ 30 ಸೆಕೆಂಡ್ ದಾಟಬಾರದು, ದಣಿವಾಗುವ ಮುಂಚೆಯೇ ಶುರುವಾಗಬೇಕು. ದಣಿದ ಮೇಲೆ ನಡೆದರೆ ಅದು ಈ ಕ್ರಮವಲ್ಲ, ಸೋತು ನಿಂತದ್ದು ಅಷ್ಟೆ. 45 ದಾಟಿದವರು, ತೂಕ ಹೆಚ್ಚಿರುವವರು, ಮೊಣಕಾಲು ಆಗಾಗ ಕಾಡುವವರು ಗ್ಯಾಲೋವೇ ಯೋಜನೆಯನ್ನೇ ಆರಿಸುವುದು ಒಳ್ಳೆಯದು. ಉಳಿದವರಿಗೆ ಮೆಕ್‌ಮಿಲನ್ ಸರಿಹೋಗುತ್ತಾರೆ.

ಗ್ಯಾಲೋವೇ ಪದ್ಧತಿಯಲ್ಲಿ ಎರಡು ಸಣ್ಣ ಅಭ್ಯಾಸಗಳಿವೆ. ಯಾವ ಕೋಚನ್ನು ಆರಿಸಿದರೂ ಕಲಿತಿಟ್ಟುಕೊಳ್ಳಬೇಕು. ಒಂದು, ಹೆಜ್ಜೆ ಎಣಿಸುವುದು. ಹಗುರ ಓಟದಲ್ಲಿ 30 ಸೆಕೆಂಡ್ ಎಡಗಾಲು ಎಷ್ಟು ಸಲ ನೆಲ ಮುಟ್ಟಿತು ಎಂದು ಎಣಿಸಿ. 39 ಬಂತು ಅನ್ನಿ, ನಿಮಿಷಕ್ಕೆ ಒಟ್ಟು 156 ಹೆಜ್ಜೆ. ಸ್ವಲ್ಪ ನಡೆದು, ಮುಂದಿನ 30 ಸೆಕೆಂಡ್‌ನಲ್ಲಿ 40 ತರಲು ನೋಡಿ. ಹೆಜ್ಜೆ ಚಿಕ್ಕದಾಗಬೇಕು, ವೇಗ ಏರಬಾರದು. 180 ಹೆಜ್ಜೆಯೇ ಎಲ್ಲರಿಗೂ ಸರಿ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಈಗಿರುವುದಕ್ಕಿಂತ ಶೇ 5ರಷ್ಟು ಹೆಚ್ಚಿದರೆ ಸಾಕು, ಹಿಮ್ಮಡಿ ದೇಹದ ಮುಂದೆ ಬಹಳ ದೂರ ಬಿದ್ದು ಬ್ರೇಕ್ ಹಾಕುವುದು ಕಡಿಮೆಯಾಗುತ್ತದೆ. ಇನ್ನೊಂದು, ನಿಧಾನಕ್ಕೆ ವೇಗ ಏರಿಸಿ, ಆ ವೇಗ ತಾನಾಗಿ ಇಳಿಯುವವರೆಗೆ ಸುಮ್ಮನೆ ತೇಲಿಕೊಂಡು ಹೋಗುವುದು. ಇಳಿಜಾರು ತುಸು ಇದ್ದ ಕಡೆ ಕಲಿಯುವುದು ಸುಲಭ. ಇಲ್ಲಿ ಪೂರ್ತಿ ಬಲ ಹಾಕಿ ಓಡುವುದೇ ತಪ್ಪು.

ಶುರುವಿನಲ್ಲಿ ಬರುವ ಬೆಂಚ್‌ಮಾರ್ಕ್ ಓಟದಲ್ಲಿ ಬಹಳ ಜನ ಎಡವುತ್ತಾರೆ. ಮೈ ಬಿಸಿ ಮಾಡಿಕೊಂಡು, ಐದು ನಿಮಿಷ ಗಟ್ಟಿಯಾಗಿ ಓಡಬೇಕು. ವಾಚ್ ಅದರಿಂದ ನಿಮ್ಮ ಸದ್ಯದ ಮಟ್ಟ ಅಂದಾಜಿಸುತ್ತದೆ. ಐದೇ ನಿಮಿಷ ತಾನೇ ಎಂದು ಮೊದಲ ನಿಮಿಷ ಬಾಣದಂತೆ ಹೊರಟರೆ ಮೂರನೆಯ ನಿಮಿಷಕ್ಕೆ ಕಾಲು ಸೀಸವಾಗಿ, ಕೊನೆಗೆ ಬರುವ ಅಂಕಿ ನಿಮ್ಮ ನಿಜವಾದ ಮಟ್ಟಕ್ಕಿಂತ ಕೆಳಗಿರುತ್ತದೆ. 6:40ರ ಸುಮಾರಿಗೆ ಓಡಬಲ್ಲವರು ಐದು ನಿಮಿಷಕ್ಕೆ 750 ಮೀಟರ್, ನಿಮಿಷಕ್ಕೆ 150 ಮೀಟರ್ ಎಂಬ ಲೆಕ್ಕ ಇಟ್ಟುಕೊಂಡು, ಮೊದಲ ನಿಮಿಷವನ್ನು ಬೇಕೆಂದೇ ಸ್ವಲ್ಪ ಹಿಡಿದು ಓಡಬೇಕು. 400 ಮೀಟರ್ ಟ್ರ್ಯಾಕ್ ಸಿಕ್ಕರೆ ಒಳಗಿನ ಲೇನ್‌ನಲ್ಲಿ ಮಾಡಿ. ಟ್ರ್ಯಾಕ್ ಇದ್ದರೆ ಗ್ಯಾಲೋವೇ ಅವರ ಒಂದು ಮೈಲಿ ಪರೀಕ್ಷೆಯನ್ನೂ ತಿಂಗಳಿಗೊಮ್ಮೆ ಮಾಡಬಹುದು: ನಾಲ್ಕು ಸುತ್ತು, ಮೇಲೆ 9 ಮೀಟರ್ ಚಿಲ್ಲರೆ. ಬಂದ ಸಮಯಕ್ಕೆ 33 ಸೆಕೆಂಡ್ ಸೇರಿಸಿದರೆ 5 ಕಿ.ಮೀ.ಗೆ ಮೈಲಿಯ ಪೇಸ್ ಸಿಗುತ್ತದೆ. ಮೈಲಿಗೆ 10 ನಿಮಿಷ ಬಂದರೆ 5 ಕಿ.ಮೀ.ಗೆ ಮೈಲಿಗೆ 10:33, ಕಿಲೋಮೀಟರ್ ಲೆಕ್ಕದಲ್ಲಿ 6:33, ಒಟ್ಟು 32 ನಿಮಿಷ 47 ಸೆಕೆಂಡ್. ಆ್ಯಪ್ ಹೇಳುವ ಅಂದಾಜಿಗಿಂತ ಈ ಹಳೆಯ ಲೆಕ್ಕ ನಂಬಲು ಸುಲಭ, ಏಕೆಂದರೆ ಅದು ಎಲ್ಲಿಂದ ಬಂತೆಂದು ನಿಮಗೇ ಗೊತ್ತಿರುತ್ತದೆ.

ವಾರದ ಪಾಠಗಳ ವಿಷಯಕ್ಕೆ ಬಂದರೆ, ಹಗುರ ಓಟ, ಸಣ್ಣ ವೇಗದ ಸುತ್ತುಗಳು, ಗುರಿ ಪೇಸ್‌ನ ಸುತ್ತುಗಳು, ಉದ್ದದ ಓಟ, ಇವುಗಳನ್ನೇ ತಿರುಗಿಸಿ ಮುರುಗಿಸಿ ಕೊಡುತ್ತದೆ. ವಾಚ್‌ಗೆ ಪಾಠ ತಾನಾಗಿ ಬರುತ್ತದೆ, ಹಂತಹಂತವಾಗಿ ಕಂಪಿಸಿ ಹೇಳುತ್ತದೆ. ಇದೇ ಇದರ ದೊಡ್ಡ ಗುಣ: ಇವತ್ತು ಏನು ಮಾಡಲಿ ಎಂಬ ಯೋಚನೆಯೇ ಇಲ್ಲ. ತೊಂದರೆ ಕೊಡುವುದು ಪೇಸ್ ಎಚ್ಚರಿಕೆ. ಜಿಪಿಎಸ್ ತೋರಿಸುವ ಆ ಕ್ಷಣದ ಪೇಸ್ ಕೆಲವು ಸೆಕೆಂಡ್ ಹಿಂದಿರುತ್ತದೆ, ಮರಗಳಡಿ ಮತ್ತು ಎತ್ತರದ ಕಟ್ಟಡಗಳ ನಡುವೆ ಮೇಲೆ ಕೆಳಗೆ ಜಿಗಿಯುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಬೆಳಗಿನ ಓಟಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿನ ದಟ್ಟ ಮರಗಳ ಕೆಳಗೆ ವಾಚ್ ಒಮ್ಮೆ ನಿಧಾನ ಅನ್ನುತ್ತದೆ, ಹತ್ತು ಸೆಕೆಂಡ್ ಕಳೆದರೆ ಜೋರು ಅನ್ನುತ್ತದೆ. ಅದರ ಮಾತು ಕೇಳಿ ಒಮ್ಮೆ ಏರಿಸಿ ಒಮ್ಮೆ ಇಳಿಸಿ ಓಡುವವರು ಎರಡು ಪಟ್ಟು ದಣಿಯುತ್ತಾರೆ. ಪರದೆಯಲ್ಲಿ ಆ ಕ್ಷಣದ ಪೇಸ್ ತೆಗೆದು ಲ್ಯಾಪ್ ಪೇಸ್ ಹಾಕಿಕೊಳ್ಳಿ. ಅದು ಆ ಸುತ್ತಿನ ಸರಾಸರಿ, ಹಾಗಾಗಿ ಜಿಗಿಯುವುದಿಲ್ಲ. ಹೊರಡುವ ಮುಂಚೆ ಜಿಪಿಎಸ್ ಹಸಿರು ಆಗುವವರೆಗೆ ಬಯಲಲ್ಲಿ ನಿಲ್ಲಿ. ವೇಗ ಇಳಿದಾಗ ಗಡಿಯಾರವನ್ನು ತಾನಾಗಿ ನಿಲ್ಲಿಸುವ ಆಟೊ ಪಾಜ್ ಆಫ್ ಮಾಡಿ, ಇಲ್ಲವಾದರೆ ಸುತ್ತುಗಳ ನಡುವಿನ ನಿಧಾನ ನಡಿಗೆಯಲ್ಲಿ ಗಡಿಯಾರ ನಿಂತು ವಿಶ್ರಾಂತಿ ಬೇಕಾದ್ದಕ್ಕಿಂತ ಉದ್ದವಾಗುತ್ತದೆ. 20 ಸೆಕೆಂಡಿನ ವೇಗದ ಸುತ್ತುಗಳಲ್ಲಿ ಪೇಸ್ ನೋಡಲೇಬೇಡಿ. ವಾಚ್‌ಗೆ ಅರ್ಥವಾಗುವಷ್ಟರಲ್ಲಿ ಸುತ್ತೇ ಮುಗಿದಿರುತ್ತದೆ. (ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಅದರ ಕಡೆ ಮುಖ ಮಾಡಿ ಮೆಲ್ಲಗೆ ಹಿಂದೆ ಸರಿಯಿರಿ. ಪೇಸ್ ಕೆಟ್ಟಿತೆಂದು ವಾಚ್ ಗೊಣಗಿದರೆ ಗೊಣಗಲಿ.)

ಹಗುರ ಓಟವೇ ಎಲ್ಲಕ್ಕಿಂತ ಕಷ್ಟ ಎಂದರೆ ನಗಬೇಡಿ. ಹಗುರ ಓಟ 5 ಕಿ.ಮೀ. ಪೇಸ್‌ಗಿಂತ ಕಿಲೋಮೀಟರಿಗೆ 60ರಿಂದ 90 ಸೆಕೆಂಡ್ ನಿಧಾನ ಇರಬೇಕು ಎಂಬುದು ಅನುಭವಿಗಳ ಅಳತೆ. 7:30ರವರಿಗೆ ಅದು 8:30 ಅಥವಾ 9:00 ಆಯಿತು, ಪಾರ್ಕಿನಲ್ಲಿ ಚುರುಕಾಗಿ ನಡೆಯುವ ಅಜ್ಜಂದಿರು ಪಕ್ಕದಲ್ಲೇ ಬರುತ್ತಿರುತ್ತಾರೆ. ನಾಚಿಕೆಗೆ ವೇಗ ಏರಿಸಿದರೆ ಯೋಜನೆ ಅಲ್ಲೇ ಕೆಡುತ್ತದೆ, ಏಕೆಂದರೆ ಮರುದಿನದ ವೇಗದ ಸುತ್ತುಗಳಿಗೆ ಕಾಲಲ್ಲಿ ಏನೂ ಉಳಿಯುವುದಿಲ್ಲ. ಒಂದು ಪೂರ್ತಿ ವಾಕ್ಯ ತಡೆಯದೆ ಆಡಲು ಬಂದರೆ ಪೇಸ್ ಸರಿ. ಎರಡು ಪದಕ್ಕೊಮ್ಮೆ ಉಸಿರು ಬೇಕಾದರೆ ಜೋರಾಯಿತು.

ಹೃದಯ ಬಡಿತದ ವಲಯಗಳನ್ನು ಇದಕ್ಕೆ ನೆಚ್ಚುವುದಾದರೆ ಎಚ್ಚರ ಬೇಕು. ಶುರುವಿನಲ್ಲಿ ವಾಚ್ ಗರಿಷ್ಠ ಬಡಿತವನ್ನು 220ರಿಂದ ವಯಸ್ಸು ಕಳೆದು ಇಟ್ಟುಕೊಂಡಿರುತ್ತದೆ. 40 ವರ್ಷದವರಿಗೆ 180. ನಿಜದಲ್ಲಿ ಅದು 170 ಇರಬಹುದು, 190 ಇರಬಹುದು. ಹಗುರ ಓಟಕ್ಕೆ ಹೇಳುವ ಎರಡನೆಯ ವಲಯ, ಅಂದರೆ 180ರ ಶೇ 60ರಿಂದ 70, ಆಗ 108ರಿಂದ 126. ಹೊಸಬರಲ್ಲಿ ಅಷ್ಟು ಕಡಿಮೆ ಬಡಿತದಲ್ಲಿ ಓಡಬಲ್ಲವರು ವಿರಳ, ನಡೆದರೇ 115 ಬರುತ್ತದೆ. ಆದ್ದರಿಂದ ಎರಡನೆಯ ವಲಯದಲ್ಲೇ ಇರಬೇಕೆಂದು ಹಟ ಹಿಡಿಯಬೇಡಿ, ಮಾತಿನ ಪರೀಕ್ಷೆ ಸಾಕು. ಮಣಿಕಟ್ಟಿನಲ್ಲಿ ಬಡಿತ ಅಳೆಯುವ ವಾಚ್‌ನ ಸಂವೇದಕಕ್ಕೆ ಇನ್ನೊಂದು ಚಾಳಿ ಇದೆ: ಪಟ್ಟಿ ಸಡಿಲವಿದ್ದರೆ ಬಡಿತದ ಬದಲು ಹೆಜ್ಜೆಯ ಲಯವನ್ನೇ ಎಣಿಸಿಬಿಡುತ್ತದೆ. ಹಗುರ ಓಟದಲ್ಲಿ ಆರಾಮವಾಗಿ ಮಾತಾಡುತ್ತಿರುವಾಗ 160 ತೋರಿಸಿ, ನಿಮ್ಮ ಹೆಜ್ಜೆಯೂ 160ರ ಆಸುಪಾಸಿನಲ್ಲಿದ್ದರೆ ಅದೇ ಆಗಿರುವುದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿಕೊಳ್ಳಿ.

ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಮೈಸೂರಿನ ಬೆಳಗಿನ ತಂಪಿನಲ್ಲಿ ಬಂದ ಪೇಸ್ ಮಂಗಳೂರಿನ ಸೆಕೆಯಲ್ಲಿ ಬರುವುದಿಲ್ಲ. ಗಾಳಿಯಲ್ಲಿ ನೀರಿನಂಶ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ, ಅದೇ ಪೇಸ್‌ಗೆ ಬಡಿತ ಏರುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರಿನಲ್ಲಿ ಸೂರ್ಯ ಹುಟ್ಟುವ ಮುಂಚೆ ಓಡಿ ಮುಗಿಸದಿದ್ದರೆ ಗುರಿ ಪೇಸ್‌ನ ಮಾತೇ ಬೇಡ. ಅಂಥ ದಿನ ಪಾಠದ ಸಮಯ ಉಳಿಸಿಕೊಂಡು ಪೇಸ್ ಬಿಟ್ಟುಕೊಡಿ.

ಈಗ ಆ ಬಣ್ಣದ ಮೀಟರ್ ವಿಚಾರ. ಕೆಲವು ಪಾಠ ಮುಗಿದ ಮೇಲೆ ಆ್ಯಪ್‌ನಲ್ಲಿ ಕಾನ್ಫಿಡೆನ್ಸ್ ಎಂಬ ಅಳತೆ ಕಾಣಿಸುತ್ತದೆ. ನೀವು ಗುರಿ ಮುಟ್ಟುವ ಬಗ್ಗೆ ಕೋಚ್‌ಗೆ ಎಷ್ಟು ಭರವಸೆ ಎಂದು ಅದು ಹೇಳುವುದು. ಪಾಠ ತಪ್ಪಿಸಿದರೆ, ಪಾಠದಲ್ಲಿ ಹೇಳಿದ್ದಕ್ಕಿಂತ ಬೇರೆ ಓಡಿದರೆ ಇಳಿಯುತ್ತದೆ. ಮನೆಯಲ್ಲಿ ಮದುವೆ ಇತ್ತೋ, ಜ್ವರ ಬಂದಿತ್ತೋ, ಮಳೆ ಸುರಿಯಿತೋ ಅದಕ್ಕೆ ತಿಳಿಯದು. ಜನ ಇದನ್ನು ತಮ್ಮ ಯೋಗ್ಯತೆಯ ಅಂಕಪಟ್ಟಿ ಎಂದುಕೊಂಡು, ಅದನ್ನು ಮೇಲೆತ್ತಲು ತಪ್ಪಿದ ಎರಡು ಪಾಠಗಳನ್ನು ಭಾನುವಾರ ಒಟ್ಟಿಗೆ ಮಾಡುತ್ತಾರೆ. ಗಾಯಕ್ಕೆ ಇದಕ್ಕಿಂತ ನೇರ ದಾರಿ ಇನ್ನೊಂದಿಲ್ಲ. ತಪ್ಪಿದ್ದು ತಪ್ಪಿತು, ಮುಂದಿನ ಪಾಠಕ್ಕೆ ಹೋಗಿ. ಒಂದು ವಾರಕ್ಕಿಂತ ಹೆಚ್ಚು ಬಿಟ್ಟುಹೋದರೆ ಗುರಿ ಸಡಿಲಿಸಿ, ಇಲ್ಲವೇ ಹೊಸದಾಗಿ ಶುರು ಮಾಡಿ.

ನಿಮ್ಮ ಸ್ವಂತ ಭರವಸೆಗೆ ಬೇರೆ ಅಳತೆ ಇಟ್ಟುಕೊಳ್ಳುವುದು ಮೇಲು. ಎರಡು ವಾರಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಮಾತಾಡಬಲ್ಲ ಪೇಸ್‌ನಲ್ಲಿ 3 ಕಿ.ಮೀ. ಓಡಿ ಸಮಯ ಬರೆದಿಡಿ. ಅದೇ ಉಸಿರಾಟಕ್ಕೆ ಸಮಯ 20 ಸೆಕೆಂಡ್ ಇಳಿದಿದ್ದರೆ ಯೋಜನೆ ಕೆಲಸ ಮಾಡುತ್ತಿದೆ, ಮೀಟರ್ ಯಾವ ಬಣ್ಣದಲ್ಲಾದರೂ ಇರಲಿ.

ಈ ಯೋಜನೆಗಳಲ್ಲಿ ಇಲ್ಲದ್ದು ಬಲದ ವ್ಯಾಯಾಮ, ಅದು ದೊಡ್ಡ ಕೊರತೆಯೇ. ವೇಗ ಹೆಚ್ಚಿದಷ್ಟೂ ಮೀನಖಂಡಕ್ಕೂ ಕಣಕಾಲಿಗೂ ಹೊರೆ ಏರುತ್ತದೆ, ಮೂಳೆ ಸ್ನಾಯುಗಳು ಎದೆಯುಸಿರಿನಷ್ಟು ಬೇಗ ಹದಕ್ಕೆ ಬರುವುದಿಲ್ಲ. ವಾರಕ್ಕೆ ಎರಡು ದಿನ ಮೆಟ್ಟಿಲ ಅಂಚಿನಲ್ಲಿ ಒಂದೊಂದೇ ಕಾಲಲ್ಲಿ ತುದಿಗಾಲೇಳುವುದು 12ರಂತೆ ಮೂರು ಸುತ್ತು, ಕುಕ್ಕರುಗಾಲಿಗೆ ಇಳಿದೇಳುವುದು 12ರಂತೆ ಮೂರು ಸುತ್ತು, ಮಲಗಿ ಸೊಂಟ ಎತ್ತುವುದು 12ರಂತೆ ಎರಡು ಸುತ್ತು. ಹದಿನೈದು ನಿಮಿಷದ ಕೆಲಸ. ಕಣಕಾಲಿನ ಒಳಬದಿಯಲ್ಲಿ ಉದ್ದಕ್ಕೂ ನೋವಿದ್ದರೆ ವೇಗದ ಪಾಠ ಬಿಟ್ಟು ಹಗುರ ಓಟ ಮಾತ್ರ. ಒಂದೇ ಬೆರಳಿನಷ್ಟು ಜಾಗದಲ್ಲಿ ಒತ್ತಿದರೆ ಚುಚ್ಚುವ ನೋವಿದ್ದರೆ ಓಟವನ್ನೇ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಮೂಳೆಯಲ್ಲಿ ಬಿರುಕಿರಬಹುದು.

ವಾಚ್ ಇಲ್ಲದವರು ಈ ಯೋಜನೆಗೆಂದೇ ಇಪ್ಪತ್ತು ಸಾವಿರ ಚೆಲ್ಲಬೇಕಿಲ್ಲ. ಇದರ ತಿರುಳನ್ನು ಸಾದಾ ಡಿಜಿಟಲ್ ಗಡಿಯಾರದಲ್ಲೂ ನಡೆಸಬಹುದು. ಮಂಗಳವಾರ 30 ನಿಮಿಷ ಹಗುರ ಓಟ, ಕೊನೆಗೆ 20 ಸೆಕೆಂಡಿನ ನಾಲ್ಕು ವೇಗದ ಸುತ್ತು, ನಡುವೆ ಒಂದೊಂದು ನಿಮಿಷ ನಡಿಗೆ. ಗುರುವಾರ 10 ನಿಮಿಷ ಮೈ ಬಿಸಿ ಮಾಡಿ, 1 ನಿಮಿಷ ಜೋರು 2 ನಿಮಿಷ ನಿಧಾನದಂತೆ ಆರು ಸಲ. ಮುಂದಿನ ವಾರ ಎಂಟು ಸಲ, ಆಮೇಲೆ 2 ನಿಮಿಷದವು ಐದು, ಅದರಾಚೆ 3 ನಿಮಿಷದವು ನಾಲ್ಕು. ಕೊನೆಯ ಸುತ್ತು ಮೊದಲನೆಯದಕ್ಕಿಂತ ನಿಧಾನವಾದರೆ ಶುರುವಿನಲ್ಲೇ ಜೋರು ಮಾಡಿದ್ದೀರಿ. ಭಾನುವಾರ ಉದ್ದದ ಓಟ: 35 ನಿಮಿಷ, 40, 45, ನಾಲ್ಕನೆಯ ವಾರ ಮತ್ತೆ 35ಕ್ಕೆ ಇಳಿದು, ಐದನೆಯ ವಾರ 50. 50 ನಿಮಿಷ ನಿಧಾನವಾಗಿ ಓಡಿದವರಿಗೆ 5 ಕಿ.ಮೀ. ದೂರ ಎನಿಸುವುದೇ ಇಲ್ಲ, ಭಯದ ಅರ್ಧ ಭಾಗ ಅಲ್ಲೇ ಕಳಚುತ್ತದೆ.

ಗಾರ್ಮಿನ್ ವಾಚ್ ಆಗಲೇ ಕೈಯಲ್ಲಿದ್ದರೆ ಮಾತ್ರ ಯೋಚಿಸದೆ ಶುರು ಮಾಡಿ, ಇದಕ್ಕಿಂತ ಒಳ್ಳೆಯ ಉಚಿತ ಮಾರ್ಗದರ್ಶನ ಸಿಗುವುದು ಕಷ್ಟ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟದ ಸ್ಪರ್ಧೆಯ ಮೇಲೆ ಕಣ್ಣಿಟ್ಟವರು ಮೊದಲು 5ಕೆ ಯೋಜನೆ ಮುಗಿಸಿ, ನಡುವೆ ಎರಡು ವಾರ ಬರೀ ಹಗುರ ಓಟ ಓಡಿ, ಆಮೇಲೆ 10ಕೆ ಯೋಜನೆಗೆ ಕೈಹಾಕಬೇಕು. ಅಲ್ಲಿಯೂ ಮೊದಲ ಸಲ ಸಮಯದ ಗುರಿ ತುಂಬಬೇಡಿ, ದೂರ ಮುಗಿಸುವುದನ್ನಷ್ಟೇ ಆರಿಸಿ.